ಆ ಮೂವರು ತಾಯಂದಿರನ್ನು ಕೇಳಿದವರಾರು?

ಮಿಷನ್ ಭಾನುವಾರ ಸಮೀಪಿಸಿತೆಂದರೆ ನಮ್ಮ ಧರ್ಮಕೇಂದ್ರಗಳಲ್ಲಿ ಕೇಳಿಬರುವ ಕಥೆಗಳಲ್ಲಿ ಡಾ. ಐಡಾ ಸ್ಕಡರ್ ಅವರ ಕಥೆಯೂ ಒಂದು. ಧರ್ಮೋಪದೇಶದ ತರಗತಿಯಲ್ಲಿ ಮಕ್ಕಳಿಗೆ, ಧ್ಯಾನಕೂಟದಲ್ಲಿ ಹಿರಿಯರಿಗೆ, ದೈವಕರೆಯ ಶಿಬಿರಗಳಲ್ಲಿ ಯುವತಿಯರಿಗೆ ಇದನ್ನು ಹೇಳುತ್ತಲೇ ಬಂದಿದ್ದೇವೆ. ಅವರು ಪ್ರೊಟೆಸ್ಟೆಂಟ್ ಮಿಷನರಿ ಮನೆತನದವರಾದರೂ ಅವರ ಬದುಕು ಸಭೆಗಳ ಎಲ್ಲೆಗಳನ್ನು ದಾಟಿ ಸಕಲ ಕ್ರೈಸ್ತರ ಸ್ವತ್ತಾಗಿದೆ. ಇಷ್ಟು ಪರಿಚಿತವಾದ, ಇಷ್ಟು ಪ್ರಿಯವಾದ ಕಥೆಯನ್ನು ವಿಮರ್ಶೆಯ ಕಣ್ಣಿನಿಂದ ನೋಡುವುದು ಕೆಲವರಿಗೆ ಅಗೌರವವೆನಿಸಬಹುದು. ಆದರೆ ನಾವು ಹೇಳುವ ಕಥೆಗಳೇ ನಮ್ಮ ಮನೆಗಳ ನಡವಳಿಕೆಯನ್ನು ರೂಪಿಸುತ್ತವೆ. ಹೆಣ್ಣುಮಕ್ಕಳ ಆರೋಗ್ಯದ ವಿಷಯದಲ್ಲಂತೂ ಈ ಕಥೆಯನ್ನು ನಾವು ಹೇಳುವ ರೀತಿ, ಅದರೊಳಗಿನ ಬಹುಮುಖ್ಯ ಪ್ರಶ್ನೆಯೊಂದನ್ನು ಮರೆಮಾಡುತ್ತಿದೆ.

ಮೊದಲು ಕಥೆಯನ್ನು ನೆನೆಯೋಣ. 1870ರಲ್ಲಿ ಜನಿಸಿದ ಐಡಾ, ಅಮೆರಿಕದಲ್ಲಿ ಶಾಲಾ ವಿದ್ಯಾಭ್ಯಾಸ ಮುಗಿಸಿ, ಕಾಯಿಲೆಯಲ್ಲಿದ್ದ ತಾಯಿಯನ್ನು ನೋಡಿಕೊಳ್ಳಲೆಂದು 1890ರ ದಶಕದ ಆರಂಭದಲ್ಲಿ ಇಂದಿನ ತಮಿಳುನಾಡಿನ ತಿಂಡಿವನಕ್ಕೆ ಬಂದಿದ್ದರು. ತಂದೆ ಡಾ. ಜಾನ್ ಸ್ಕಡರ್ ಅಲ್ಲಿ ಮಿಷನರಿ ವೈದ್ಯರು. ತಾಯಿ ಚೇತರಿಸಿಕೊಂಡೊಡನೆ ಹಿಂದಿರುಗಬೇಕು, ಮಿಷನರಿ ಬದುಕು ತನಗೆ ಬೇಡ ಎಂಬುದು ಆ ಯುವತಿಯ ನಿರ್ಧಾರವಾಗಿತ್ತು. ಒಂದು ರಾತ್ರಿ ಬ್ರಾಹ್ಮಣ ಯುವಕನೊಬ್ಬ ಬಾಗಿಲಿಗೆ ಬಂದು, ಹೆರಿಗೆಯ ಬೇನೆಯಲ್ಲಿ ನರಳುತ್ತಿರುವ ತನ್ನ ಹೆಂಡತಿಯನ್ನು ಬಂದು ನೋಡಬೇಕೆಂದು ಬೇಡಿಕೊಂಡ. ತಾನು ವೈದ್ಯಳಲ್ಲ, ತಂದೆಯವರು ಬರುತ್ತಾರೆ ಎಂದು ಐಡಾ ಹೇಳಿದರು. ಪರಪುರುಷ ತನ್ನ ಮನೆಯ ಹೆಣ್ಣನ್ನು ನೋಡುವಂತಿಲ್ಲ ಎಂದು ಆತ ಹಿಂದಿರುಗಿದ. ಅದೇ ರಾತ್ರಿ ಒಬ್ಬ ಮುಸಲ್ಮಾನ ಗೃಹಸ್ಥ, ಆತನ ಹಿಂದೆ ಮತ್ತೊಬ್ಬ ಮೇಲ್ಜಾತಿಯ ಹಿಂದೂ ಗೃಹಸ್ಥ ಇದೇ ಬೇಡಿಕೆ ಹೊತ್ತು ಬಂದರು, ಇದೇ ಉತ್ತರ ಕೇಳಿ ಮರಳಿದರು. ಬೆಳಗಾಗುವಷ್ಟರಲ್ಲಿ ಮೂವರು ತಾಯಂದಿರೂ ಅಸುನೀಗಿದ್ದರು. ಆ ರಾತ್ರಿಯೇ ಐಡಾ ಅವರ ಜೀವನದ ದಿಕ್ಕನ್ನು ಬದಲಿಸಿತು. ಅವರು ಅಮೆರಿಕಕ್ಕೆ ಹೋಗಿ ವೈದ್ಯವಿದ್ಯೆ ಕಲಿತರು, 1899ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದಿಂದ ಪದವಿ ಪಡೆದರು, 1900ರಲ್ಲಿ ಭಾರತಕ್ಕೆ ಮರಳಿದರು. 1902ರಲ್ಲಿ ವೆಲ್ಲೂರಿನಲ್ಲಿ ಮಹಿಳೆಯರಿಗಾಗಿ ಮೇರಿ ಟೇಬರ್ ಶೆಲ್ ಆಸ್ಪತ್ರೆ ತೆರೆಯಿತು. 1918ರಲ್ಲಿ ಹೆಣ್ಣುಮಕ್ಕಳಿಗಾಗಿಯೇ ವೈದ್ಯಕೀಯ ಶಾಲೆ ಆರಂಭವಾಯಿತು. ನಮ್ಮ ಎಷ್ಟೋ ಕುಟುಂಬಗಳು ಕಷ್ಟದ ರೋಗ ಬಂದಾಗ ರೈಲು ಹತ್ತಿ ಹೋಗುವ ವೆಲ್ಲೂರಿನ ಕ್ರೈಸ್ತ ವೈದ್ಯಕೀಯ ಕಾಲೇಜು ಹೀಗೆ ಹುಟ್ಟಿದ್ದು.

ಈ ಕಥೆಯಿಂದ ನಾವು ತೆಗೆಯುವ ನೀತಿ ಸಾಮಾನ್ಯವಾಗಿ ಎರಡು. ಒಂದು, ದೇವರ ಕರೆ ಯಾವ ರೂಪದಲ್ಲಾದರೂ ಬರಬಹುದು, ಅದಕ್ಕೆ ಓಗೊಡಬೇಕು. ಇದರಲ್ಲಿ ತಕರಾರಿಲ್ಲ. ಎರಡನೆಯದು, ಅಂದಿನ ಜನರ ಅಜ್ಞಾನ ಎಷ್ಟು ದಟ್ಟವಾಗಿತ್ತೆಂದರೆ ಗಂಡು ವೈದ್ಯ ಮುಟ್ಟುವುದಕ್ಕಿಂತ ಹೆಂಡತಿ ಸಾಯುವುದೇ ಲೇಸೆಂದು ಅವರು ಬಗೆದರು ಎಂಬುದು. ಈ ಎರಡನೆಯ ನೀತಿಯನ್ನು ನಾವು ಯೋಚಿಸದೆ ಒಪ್ಪಿಕೊಂಡಿದ್ದೇವೆ. ಇದು ಅರ್ಧ ಸತ್ಯ. ಅರ್ಧ ಸತ್ಯವಾದ್ದರಿಂದಲೇ ಅಪಾಯಕರ.

ಐಡಾ ಅವರು ಆ ರಾತ್ರಿಯ ಬಳಿಕ ಏನು ಮಾಡಿದರು ಎಂಬುದನ್ನು ಗಮನಿಸಬೇಕು. ಊರೂರು ತಿರುಗಿ ಗಂಡಸರಿಗೆ ಬುದ್ಧಿ ಹೇಳುವ ಕಾರ್ಯಕ್ಕೆ ಅವರು ಇಳಿಯಲಿಲ್ಲ. ‘ನನ್ನ ತಂದೆ ಸಮರ್ಥ ವೈದ್ಯರು, ನಿಮ್ಮ ಸಂಕೋಚ ಮೂಢತನ’ ಎಂದು ವಾದ ಹೂಡಲಿಲ್ಲ. ತಾವೇ ವೈದ್ಯೆಯಾದರು, ಇತರ ಹೆಣ್ಣುಮಕ್ಕಳನ್ನು ವೈದ್ಯೆಯರನ್ನಾಗಿ ಮಾಡಿದರು. ಎಂದರೆ, ಹೆಣ್ಣಿನ ಗುಹ್ಯ ಶರೀರಕ್ಕೆ ಸಂಬಂಧಿಸಿದ ಆರೈಕೆಯನ್ನು ಹೆಣ್ಣೇ ಮಾಡಬೇಕೆಂಬ ಅಪೇಕ್ಷೆಯನ್ನು ಅವರು ಅಜ್ಞಾನವೆಂದು ತಳ್ಳಿಹಾಕದೆ, ಈಡೇರಿಸಬೇಕಾದ ಒಂದು ಅಗತ್ಯವೆಂದು ಸ್ವೀಕರಿಸಿದರು. ವೆಲ್ಲೂರಿನ ಆಸ್ಪತ್ರೆ ಆ ಅಪೇಕ್ಷೆಗೆ ಸಿಕ್ಕ ಗೌರವದ ಫಲ.

ವೆಲ್ಲೂರಿನಲ್ಲಿ ಮಾತ್ರ ಹೀಗಾಯಿತೆಂದಲ್ಲ. ಭಾರತದ ಮಹಿಳೆಯರಿಗೆ ವೈದ್ಯೆಯರ ನೆರವು ಒದಗಿಸಲೆಂದೇ 1885ರಲ್ಲಿ ಲೇಡಿ ಡಫರಿನ್ ನಿಧಿ ಸ್ಥಾಪನೆಯಾಯಿತು. 1906ರಲ್ಲಿ ಮೈಸೂರಿನಲ್ಲಿ ಮೆಥಡಿಸ್ಟ್ ಮಿಷನ್ನಿನವರು ಹೆಂಗಸರು ಮತ್ತು ಮಕ್ಕಳಿಗಾಗಿ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯನ್ನು ತೆರೆದರು. ಮೈಸೂರಿನ ಜನ ಇಂದಿಗೂ ಅದನ್ನು ಮಿಷನ್ ಆಸ್ಪತ್ರೆ ಎಂದೇ ಕರೆಯುತ್ತಾರೆ. 1935ರಲ್ಲಿ ಬೆಂಗಳೂರಿನಲ್ಲಿ ಮಹಿಳೆಯರು ಮತ್ತು ಮಕ್ಕಳಿಗಾಗಿ ವಾಣಿವಿಲಾಸ ಆಸ್ಪತ್ರೆ ಆರಂಭವಾಯಿತು. ಹೆಣ್ಣಿನ ಸಂಕೋಚವನ್ನು ಹೀಯಾಳಿಸಿದವರು ಯಾವ ಆಸ್ಪತ್ರೆಯನ್ನೂ ಕಟ್ಟಲಿಲ್ಲ. ಅದಕ್ಕೆ ಕಿವಿಗೊಟ್ಟವರು ಕಟ್ಟಿದರು.

ಇನ್ನು ಕಥೆಯ ಮತ್ತೊಂದು ಮಗ್ಗುಲು. ಆ ರಾತ್ರಿ ‘ಬೇಡ’ ಎಂದವರು ಯಾರು? ಮೂವರು ಗಂಡಂದಿರು. ಒಳಗೆ ನೋವಿನಲ್ಲಿ ಹೊರಳುತ್ತಿದ್ದ ಮೂವರು ಹೆಣ್ಣುಮಕ್ಕಳಿಗೆ ಈ ಕಥೆಯಲ್ಲಿ ಹೆಸರಿಲ್ಲ, ಮಾತಿಲ್ಲ. ಡಾ. ಜಾನ್ ಸ್ಕಡರ್ ಬಂದರೆ ಆಗಬಹುದೇ ಎಂದು ಯಾರೂ ಅವರನ್ನು ಕೇಳಲಿಲ್ಲ. ಕೇಳಿದ್ದರೆ ಒಬ್ಬಳು ಬೇಡವೆನ್ನುತ್ತಿದ್ದಳೇನೋ, ಇನ್ನೊಬ್ಬಳು ‘ಯಾರಾದರೂ ಸರಿ, ಕರೆಯಿರಿ’ ಎಂದು ಕೂಗಿಕೊಳ್ಳುತ್ತಿದ್ದಳೇನೋ. ಅವರ ಪರವಾಗಿ ತೀರ್ಮಾನ ಬಾಗಿಲಲ್ಲೇ ಆಗಿಹೋಯಿತು. ಕಥೆ ಹೇಳುವಾಗ ನಾವು ಕೂಡ ಆ ಬಾಗಿಲಲ್ಲೇ ನಿಂತುಬಿಡುತ್ತೇವೆ. ಗಂಡಂದಿರನ್ನು ಖಂಡಿಸುತ್ತೇವೆ, ಐಡಾ ಅವರನ್ನು ಹೊಗಳುತ್ತೇವೆ, ಒಳಗಿದ್ದವರನ್ನು ಮಾತನಾಡಿಸುವುದಿಲ್ಲ.

ಇಲ್ಲಿ ಎರಡು ಸಂಗತಿಗಳು ಒಂದಕ್ಕೊಂದು ಬೆರೆತುಹೋಗಿವೆ. ಒಂದು ಹೆಣ್ಣಿನ ಸಂಕೋಚ. ಇನ್ನೊಂದು ಮನೆತನದ ಮಾನ. ಸಂಕೋಚ ಆಕೆಯದು, ಆಕೆಯ ದೇಹದ್ದು. ಅದನ್ನು ಬಿಡುವ ಅಥವಾ ಹಿಡಿಯುವ ಅಧಿಕಾರವೂ ಆಕೆಯದೇ. ಮಾನ ಮನೆಯವರದು. ಅದನ್ನು ಕಾಯುವವರು ಆಕೆಯ ಅಭಿಪ್ರಾಯವನ್ನು ಕೇಳಬೇಕಾಗಿಲ್ಲ. ಮೊದಲನೆಯದಕ್ಕೆ ತಲೆಬಾಗಿದಾಗ ಆಸ್ಪತ್ರೆಗಳು ಎದ್ದವು. ಎರಡನೆಯದಕ್ಕೆ ತಲೆಬಾಗಿದಾಗ ಮೂರು ಜೀವಗಳು ಹೋದವು. ಈ ವ್ಯತ್ಯಾಸವನ್ನು ಬಿಡಿಸಿ ಹೇಳದಿದ್ದರೆ ಕಥೆ ಕೇಳಿದ ಹುಡುಗ ‘ನಾಚಿಕೆಪಡುವವರು ದಡ್ಡರು’ ಎಂದುಕೊಳ್ಳುತ್ತಾನೆ. ಹುಡುಗಿಯಾದರೋ ತನ್ನ ನಾಚಿಕೆಯನ್ನು ಬಾಯಿಬಿಟ್ಟು ಹೇಳದೆ ನುಂಗಿಕೊಳ್ಳಲು ಕಲಿಯುತ್ತಾಳೆ.

ಹೆಣ್ಣನ್ನು ಕೇಳದೆ ಆಕೆಯ ಬಗ್ಗೆ ನಿರ್ಧರಿಸಿದ್ದು ಆ ಮೂರು ಮನೆಗಳು ಮಾತ್ರವೇ? ನಮ್ಮ ಕಥೋಲಿಕ ಧರ್ಮಸಭೆಯ ಚರಿತ್ರೆಯನ್ನೂ ಇಲ್ಲಿ ನೆನೆಯುವುದು ನ್ಯಾಯ. ಬಹುಕಾಲ ನಮ್ಮ ಧರ್ಮಭಗಿನಿಯರು ವೈದ್ಯೆಯರಾಗಿ ಸೇವೆ ಸಲ್ಲಿಸುವುದಕ್ಕೂ ಹೆರಿಗೆ ಮಾಡಿಸುವುದಕ್ಕೂ ಧರ್ಮಸಭೆಯ ಕಾನೂನು ಅಡ್ಡಿಯಾಗಿತ್ತು. ವ್ರತಧಾರಿಣಿಯರ ಶುದ್ಧತೆಯ ರಕ್ಷಣೆ ಎಂಬುದು ಅದರ ಹಿಂದಿನ ಭಾವನೆ. ಸ್ಕಾಟ್ಲೆಂಡಿನ ವೈದ್ಯೆ ಡಾ. ಆಗ್ನೆಸ್ ಮೆಕ್ಲಾರೆನ್ ಅವರು 1910ರಲ್ಲಿ ರಾವಲ್ಪಿಂಡಿಯಲ್ಲಿ ಮಹಿಳೆಯರಿಗಾಗಿ ಸಂತ ಕ್ಯಾಥರೀನಳ ಆಸ್ಪತ್ರೆಯನ್ನು ತೆರೆಯಲು ಕಾರಣರಾದರು. ಪರದೆಯೊಳಗಿನ ಹೆಂಗಸರು ಗಂಡು ವೈದ್ಯರ ಬಳಿ ಬರುವುದಿಲ್ಲ, ವೈದ್ಯೆಯರಾಗಬಲ್ಲ ಭಗಿನಿಯರಿಗೆ ಅನುಮತಿಯಿಲ್ಲ. ಈ ಇಕ್ಕಟ್ಟಿನಲ್ಲಿ ತಾಯಂದಿರು ಸಾಯುತ್ತಿದ್ದಾರೆಂದು ಅವರು ರೋಮಿಗೆ ಹೋಗಿ ಮೊರೆಯಿಟ್ಟರು. 1913ರಲ್ಲಿ ಅವರು ತೀರಿಕೊಂಡಾಗ ಮೊರೆ ಇನ್ನೂ ಈಡೇರಿರಲಿಲ್ಲ. ಅವರಿಂದ ಪ್ರೇರಣೆ ಪಡೆದ ಆಸ್ಟ್ರಿಯಾದ ಅನ್ನಾ ಡೆಂಗೆಲ್ ವೈದ್ಯೆಯಾಗಿ 1920ರಲ್ಲಿ ರಾವಲ್ಪಿಂಡಿಗೆ ಬಂದರು, 1925ರಲ್ಲಿ ವೈದ್ಯಕೀಯ ಮಿಷನ್ ಭಗಿನಿಯರ ಸಂಘವನ್ನು ಕಟ್ಟಿದರು. ನಿಷೇಧ ಇನ್ನೂ ಜಾರಿಯಲ್ಲಿದ್ದ ಕಾರಣ ಆ ಸಂಘದವರು ಬಹಿರಂಗ ವ್ರತಗಳನ್ನು ಸ್ವೀಕರಿಸದೆಯೇ ಕಾರ್ಯಾರಂಭ ಮಾಡಬೇಕಾಯಿತು. ಕೊನೆಗೆ 1936ರ ಫೆಬ್ರವರಿ 11ರಂದು ರೋಮಿನಿಂದ ಬಂದ ಸೂಚನಾಪತ್ರ ಈ ಬಾಗಿಲನ್ನು ತೆರೆಯಿತು. ಮಿಷನ್ ಪ್ರದೇಶಗಳಲ್ಲಿ ಧರ್ಮಭಗಿನಿಯರು ತಾಯಿ-ಮಗುವಿನ ಆರೈಕೆಗೆ ಇಳಿಯುವುದನ್ನು ಅದು ಅನುಮತಿಸಿತು, ಪ್ರೋತ್ಸಾಹಿಸಿತು ಕೂಡ.

ಇದಕ್ಕೂ ಮುನ್ನ ಒಂದು ಅಪವಾದವಿತ್ತು. ಆಸ್ಟ್ರೇಲಿಯಾದ ಡಾ. ಮೇರಿ ಗ್ಲೌರಿ 1920ರಲ್ಲಿ ಆಂಧ್ರದ ಗುಂಟೂರಿಗೆ ಬಂದು ಧರ್ಮಭಗಿನಿಯಾದರು. ಜಗದ್ಗುರು ಹದಿನೈದನೆಯ ಬೆನೆಡಿಕ್ಟರ ವಿಶೇಷ ಅನುಮತಿಯಿಂದ ವೈದ್ಯೆಯಾಗಿಯೂ ದುಡಿದರು. 1943ರಲ್ಲಿ ಅವರು ಸ್ಥಾಪಿಸಿದ ಕಥೋಲಿಕ ಆಸ್ಪತ್ರೆಗಳ ಸಂಘಟನೆ ಇಂದಿಗೂ ಇದೆ. ಕಥೋಲಿಕರದೇ ಒಂದು ವೈದ್ಯಕೀಯ ಕಾಲೇಜು ಬೇಕೆಂಬ ಅವರ ಕನಸು 1963ರಲ್ಲಿ ಬೆಂಗಳೂರಿನ ಸಂತ ಜಾನರ ವೈದ್ಯಕೀಯ ಕಾಲೇಜಿನ ರೂಪದಲ್ಲಿ ಕೈಗೂಡಿತು. ರಾಮನಗರ, ಕನಕಪುರದ ಕಡೆಯಿಂದ ಆ ಆಸ್ಪತ್ರೆಗೆ ಹೋಗಿಬರುವ ನಮ್ಮ ಕುಟುಂಬಗಳು ಈ ಹಿನ್ನೆಲೆಯನ್ನು ಅರಿತಿರಬೇಕು. ಧರ್ಮಸಭೆ ತನ್ನ ನಿಯಮವನ್ನು ತಿದ್ದಿಕೊಂಡಿತು. ತಿದ್ದಿಕೊಳ್ಳುವುದಕ್ಕೆ ಕಾರಣವಾದದ್ದು ಹೆಂಗಸರ ಹಾಸಿಗೆಯ ಪಕ್ಕದಲ್ಲಿ ಕುಳಿತು ಅವರ ಮಾತನ್ನು ಆಲಿಸಿದ ಹೆಂಗಸರ ಸಾಕ್ಷ್ಯ.

ಇದೆಲ್ಲ ಹಳೆಯ ಚರಿತ್ರೆಯಾಯಿತು, ಈಗ ಅಂಥ ಸ್ಥಿತಿ ಎಲ್ಲಿದೆ ಎಂದು ಕೇಳಬಹುದು. ನಮ್ಮ ಸಮೀಪದ ಕೈಲಾಂಚವನ್ನೇ ತೆಗೆದುಕೊಳ್ಳೋಣ. 2007ರಲ್ಲಿ ರಾಮನಗರ ಜಿಲ್ಲೆಯಾಗಿ ರೂಪುಗೊಂಡು, 2025ರಲ್ಲಿ ಬೆಂಗಳೂರು ದಕ್ಷಿಣ ಎಂಬ ಹೆಸರು ಪಡೆದ ಜಿಲ್ಲೆಯಲ್ಲಿ, ರಾಮನಗರ ತಾಲ್ಲೂಕಿನ ಹೋಬಳಿ ಕೇಂದ್ರವದು. ರೇಷ್ಮೆ, ರಾಗಿ, ಮಾವುಗಳ ಸೀಮೆ. ಒಂದೆರಡು ತಲೆಮಾರಿನ ಹಿಂದೆ ಇಂಥ ಹಳ್ಳಿಗಳಲ್ಲಿ ವೈದ್ಯರು ಗಂಡೋ ಹೆಣ್ಣೋ ಎಂಬ ಪ್ರಶ್ನೆಯೇ ಏಳುತ್ತಿರಲಿಲ್ಲ. ಹೆರಿಗೆ ಮನೆಯಲ್ಲಿ, ಮಾಡಿಸುವವಳು ಸೂಲಗಿತ್ತಿ, ಆಕೆ ಸದಾ ಹೆಂಗಸು. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರು ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆಗಳನ್ನು ಹಣ ಪಡೆಯದೆ ಮಾಡಿಸಿ 2018ರಲ್ಲಿ ಪದ್ಮಶ್ರೀ ಪುರಸ್ಕೃತರಾದುದು, ಅದೇ ವರ್ಷ ಡಿಸೆಂಬರಿನಲ್ಲಿ ತೀರಿಕೊಂಡುದು ಓದುಗರಿಗೆ ನೆನಪಿರಬಹುದು. ಆ ಪರಂಪರೆಯಲ್ಲಿ ಕಷ್ಟದ ಹೆರಿಗೆಗಳಿಗೆ ಉಪಾಯವಿರಲಿಲ್ಲ ಎಂಬುದು ನಿಜ. ಆದುದರಿಂದಲೇ ಹೆರಿಗೆ ಆಸ್ಪತ್ರೆಗೆ ಸ್ಥಳಾಂತರಗೊಂಡಿತು, ಅದರಿಂದ ಅಸಂಖ್ಯ ಜೀವಗಳು ಉಳಿದವು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆಗಳು ಆಸ್ಪತ್ರೆಗಳಲ್ಲೇ ಆಗುತ್ತಿವೆ. ಇದು ಸಾಮಾನ್ಯ ಸಾಧನೆಯಲ್ಲ.

ಅದೇ ಸಮೀಕ್ಷೆಯ ಇನ್ನೊಂದು ಅಂಕಿಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಗರ್ಭಕಂಠದ ಕ್ಯಾನ್ಸರು ಭಾರತದ ಹೆಂಗಸರನ್ನು ಕಾಡುವ ಕ್ಯಾನ್ಸರುಗಳಲ್ಲಿ ಸ್ತನದ ಕ್ಯಾನ್ಸರಿನ ನಂತರದ ಸ್ಥಾನದಲ್ಲಿದೆ. ಮೊದಲೇ ಕಂಡುಹಿಡಿದರೆ ತಡೆಯಬಹುದಾದ ರೋಗವದು. ಆದರೂ ದೇಶದಲ್ಲಿ 30ರಿಂದ 49ರ ವಯೋಮಾನದ ಮಹಿಳೆಯರಲ್ಲಿ ಒಮ್ಮೆಯಾದರೂ ಅದರ ತಪಾಸಣೆ ಮಾಡಿಸಿಕೊಂಡವರು ನೂರಕ್ಕೆ ಇಬ್ಬರೂ ಇಲ್ಲ. ಹೆರಿಗೆಗೆ ಆಸ್ಪತ್ರೆಯ ಮೆಟ್ಟಿಲು ಹತ್ತಿದ ಅದೇ ತಾಯಿ ತನ್ನ ಸ್ವಂತ ದೇಹಕ್ಕಾಗಿ ಮತ್ತೆ ಆ ಮೆಟ್ಟಿಲು ಹತ್ತುವುದಿಲ್ಲ. ಮಗುವಿಗಾಗಿ ಹೋಗುವಾಗ ಮನೆಯೇ ಹೊರಡುತ್ತದೆ. ಆಕೆಗಾಗಿ ಹೊರಡುವವರಿಲ್ಲ. ಇದಕ್ಕೆ ಬಡತನ, ದೂರ, ಮಾಹಿತಿಯ ಕೊರತೆ ಎಂಬ ಹಲವು ಕಾರಣಗಳಿವೆ, ಎಲ್ಲವನ್ನೂ ಸಂಕೋಚದ ಮೇಲೆ ಹೊರಿಸಲಾಗದು. ಆದರೆ ಸಂಕೋಚ ಅವುಗಳಲ್ಲಿ ಒಂದು ಎಂಬುದನ್ನು ಯಾವ ದಾದಿಯನ್ನು ಕೇಳಿದರೂ ಹೇಳುತ್ತಾರೆ.

ಆ ಸಂಕೋಚ ಹೇಗೆ ಕೆಲಸ ಮಾಡುತ್ತದೆಂದು ಊಹಿಸುವುದು ಕಷ್ಟವಲ್ಲ. ಬಿಳಿಸೆರಗು ಹೋಗುತ್ತಿದೆ, ಮುಟ್ಟು ನಿಂತ ಮೇಲೂ ರಕ್ತ ಕಾಣುತ್ತಿದೆ, ಗರ್ಭಕೋಶ ಜಾರಿದೆ, ಎದೆಯಲ್ಲಿ ಗಂಟೊಂದು ಕೈಗೆ ಸಿಗುತ್ತಿದೆ. ಹೀಗಿರುವ ಹೆಂಗಸೊಬ್ಬಳು ಮೊದಲು ಹೋಗಬೇಕಾದುದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ. ಅಂಥ ಕೇಂದ್ರದಲ್ಲಿ ಸಾಮಾನ್ಯವಾಗಿ ಇರುವುದು ಒಬ್ಬರೇ ವೈದ್ಯಾಧಿಕಾರಿ. ಅವರು ಪುರುಷರಾಗಿದ್ದರೆ ಆಕೆ ‘ಬರುವುದಿಲ್ಲ’ ಎಂದು ಹೇಳುವುದಿಲ್ಲ. ‘ಹುಳು ಹಣ್ಣಾಗಿದೆ, ಚಂದ್ರಿಕೆಗೆ ಬಿಡಬೇಕು, ಆಮೇಲೆ ನೋಡೋಣ’ ಎನ್ನುತ್ತಾಳೆ. ಇಲ್ಲವೇ ಹೋಗಿ, ‘ಸೊಂಟನೋವು’ ಎಂದಷ್ಟೇ ಹೇಳಿ ಮಾತ್ರೆ ಪಡೆದು ಬರುತ್ತಾಳೆ. ವೈದ್ಯರು ಸೊಂಟನೋವಿಗೆ ಔಷಧಿ ಕೊಡುತ್ತಾರೆ, ರೋಗ ಒಳಗೇ ಬೆಳೆಯುತ್ತದೆ. ತಿಂಡಿವನದಲ್ಲಿ ನಿರಾಕರಣೆ ಒಂದು ರಾತ್ರಿಯಲ್ಲಿ ಕೊಂದಿತು. ಇಲ್ಲಿ ಮುಂದೂಡಿಕೆ ವರ್ಷಗಟ್ಟಲೆ ತೆಗೆದುಕೊಂಡು ಅದೇ ಕೆಲಸ ಮಾಡುತ್ತದೆ, ಮತ್ತು ಅದನ್ನು ನಿರಾಕರಣೆ ಎಂದು ಯಾರೂ ಗುರುತಿಸುವುದಿಲ್ಲ.

ಹಾಗಾದರೆ ಪ್ರತಿ ಆರೋಗ್ಯ ಕೇಂದ್ರದಲ್ಲೂ ವೈದ್ಯೆಯೇ ಇರಬೇಕೆಂದು ಹಟ ಹಿಡಿಯೋಣವೇ? ವೈದ್ಯೆಯರ ಸಂಖ್ಯೆ ಹೆಚ್ಚಬೇಕೆಂಬುದು ನ್ಯಾಯವಾದ ಬೇಡಿಕೆಯೇ. ಆದರೆ ಅದು ಈಡೇರುವತನಕ ಕೈಕಟ್ಟಿ ಕೂರಬೇಕಾಗಿಲ್ಲ. ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯವರು 1998ರಲ್ಲಿ ಅಲ್ಲಿನ ಕೊಳೆಗೇರಿಗಳಲ್ಲಿ ಸುಮಾರು ಒಂದೂವರೆ ಲಕ್ಷ ಮಹಿಳೆಯರನ್ನು ಒಳಗೊಂಡ ದೀರ್ಘಕಾಲದ ಅಧ್ಯಯನವೊಂದನ್ನು ಆರಂಭಿಸಿದರು. ಗರ್ಭಕಂಠಕ್ಕೆ ವಿನೆಗರಿನಲ್ಲಿರುವಂಥ ಆಮ್ಲದ ತೆಳು ದ್ರಾವಣವನ್ನು ಸವರಿ, ಬಿಳಿ ಮಚ್ಚೆ ಕಾಣುವುದೇ ಎಂದು ಬರಿಗಣ್ಣಿನಿಂದ ನೋಡುವ ಸರಳ ಪರೀಕ್ಷೆಯದು. ಪರೀಕ್ಷೆ ಮಾಡಿದವರು ವೈದ್ಯರಲ್ಲ, ತರಬೇತಿ ಪಡೆದ ಸ್ಥಳೀಯ ಮಹಿಳೆಯರು. ತಪಾಸಣೆಗೊಳಗಾದ ಗುಂಪಿನಲ್ಲಿ ಈ ಕ್ಯಾನ್ಸರಿನಿಂದಾಗುವ ಸಾವು ನೂರಕ್ಕೆ 31ರಷ್ಟು ಇಳಿಯಿತು. ಇದೇ ಪರೀಕ್ಷೆಯನ್ನು 30 ವರ್ಷ ದಾಟಿದ ಮಹಿಳೆಯರಿಗೆ ತರಬೇತಾದ ದಾದಿಯರ ಮೂಲಕ ಮಾಡಿಸುವ ಕಾರ್ಯಕ್ರಮವನ್ನು ಕೇಂದ್ರ ಸರ್ಕಾರ 2016ರಲ್ಲಿ ರೂಪಿಸಿತು. ಹೆಣ್ಣಿನ ಅಪೇಕ್ಷೆಯನ್ನು ಈಡೇರಿಸಲು ದೊಡ್ಡ ಆಸ್ಪತ್ರೆಯೇ ಬೇಕೆಂದಿಲ್ಲ. ಒಬ್ಬ ನುರಿತ ದಾದಿ, ಒಂದು ಪರದೆ, ಒಳ್ಳೆಯ ದೀಪ, ಜೊತೆಗಿರಲು ಊರಿನ ಆಶಾ ಕಾರ್ಯಕರ್ತೆ ಇದ್ದರೆ ಬಹುಪಾಲು ಕೆಲಸ ಆಗುತ್ತದೆ.

ವೈದ್ಯರು ಪುರುಷರೇ ಆಗಿದ್ದಾಗಲೂ ಆಕೆ ಕೇಳಿ ಪಡೆಯಬಹುದಾದದ್ದು ಕೆಲವಿದೆ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ರೂಪಿಸಿದ ರೋಗಿಗಳ ಹಕ್ಕುಗಳ ಸನ್ನದಿನ ಆಧಾರದ ಮೇಲೆ ಕೇಂದ್ರ ಆರೋಗ್ಯ ಸಚಿವಾಲಯ 2019ರಲ್ಲಿ ರಾಜ್ಯಗಳಿಗೆ ಪತ್ರ ಬರೆಯಿತು. ಪುರುಷ ವೈದ್ಯರು ಮಹಿಳೆಯನ್ನು ಪರೀಕ್ಷಿಸುವಾಗ ಇನ್ನೊಬ್ಬ ಮಹಿಳೆ ಹಾಜರಿರುವಂತೆ ಆಸ್ಪತ್ರೆಗಳು ನೋಡಿಕೊಳ್ಳಬೇಕೆಂಬುದು ಅದರಲ್ಲಿರುವ ಅಂಶಗಳಲ್ಲೊಂದು. ಹೆರಿಗೆ ಕೊಠಡಿಯಲ್ಲಿ ತಾಯಿಯ ಜೊತೆ ಆಕೆಗೆ ಬೇಕಾದ ಹೆಂಗಸೊಬ್ಬಳು ಇರಲು ಸರ್ಕಾರಿ ಆಸ್ಪತ್ರೆಗಳಲ್ಲಿ ಅವಕಾಶ ಕೊಡಬೇಕೆಂದು 2016ರಲ್ಲೇ ಮಾರ್ಗಸೂಚಿ ಹೊರಟಿದೆ. ಆದರೆ ಇವು ಸೂಚನೆಗಳು. ಕಾನೂನಿನ ಬಲವುಳ್ಳ ಮಾತೊಂದು ಬೇರೆಡೆ ಇದೆ. ಅಪರಾಧದ ಆರೋಪದ ಮೇಲೆ ಬಂಧಿತಳಾದ ಮಹಿಳೆಯ ದೇಹವನ್ನು ಪೊಲೀಸರ ಕೋರಿಕೆಯಂತೆ ಪರೀಕ್ಷಿಸಬೇಕಾದರೆ ಅದನ್ನು ನೋಂದಾಯಿತ ವೈದ್ಯೆಯೇ ಮಾಡಬೇಕು, ಇಲ್ಲವೇ ಅವರ ಮೇಲ್ವಿಚಾರಣೆಯಲ್ಲಿ ಮಾಡಬೇಕು. 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿದ್ದ ಈ ನಿಯಮ 2024ರ ಜುಲೈ 1ರಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಮುಂದುವರಿದಿದೆ. ಆರೋಪ ಹೊತ್ತು ಠಾಣೆಗೆ ಬಂದವಳಿಗೆ ದೇಶ ಖಾತ್ರಿಪಡಿಸಿದ ಈ ಮರ್ಯಾದೆ, ರೋಗ ಹೊತ್ತು ಆಸ್ಪತ್ರೆಗೆ ಬಂದವಳಿಗೆ ಅಷ್ಟೇ ಗಟ್ಟಿಯಾಗಿ ದೊರೆತಿಲ್ಲ. ಹೆಣ್ಣಿನ ಸಂಕೋಚ ಕೇವಲ ಹಳ್ಳಿಯ ಮೂಢತನವಾಗಿದ್ದಲ್ಲಿ ಕಾನೂನು ಅದನ್ನು ಮಾನ್ಯ ಮಾಡುತ್ತಿತ್ತೇ?

ಮರುಪಕ್ಷದ ಮಾತನ್ನೂ ಆಲಿಸಬೇಕು. ಹೆರಿಗೆ ಮತ್ತು ಸ್ತ್ರೀರೋಗಗಳ ವಿಭಾಗದಲ್ಲಿ ಬಾಳೆಲ್ಲ ಸವೆಸಿದ, ತಾಯಂದಿರು ಕೈಮುಗಿದು ಸ್ಮರಿಸುವ ಪುರುಷ ವೈದ್ಯರು ನಮ್ಮ ನಡುವೆ ಎಷ್ಟೋ ಮಂದಿ ಇದ್ದಾರೆ. ಅವರ ಬಗ್ಗೆ ಅಪನಂಬಿಕೆ ಬಿತ್ತುವುದು ಈ ಬರಹದ ಉದ್ದೇಶವಲ್ಲ. ವೈದ್ಯೆಯಾದ ಮಾತ್ರಕ್ಕೆ ಮೃದುತ್ವ ತಾನಾಗಿ ಬರುವುದೂ ಇಲ್ಲ. ಹೆರಿಗೆ ಕೊಠಡಿಯಲ್ಲಿ ಬೈಗುಳ ತಿಂದು ಬಂದ ತಾಯಂದಿರನ್ನು ಕೇಳಿದರೆ, ಬೈದವರು ಹೆಂಗಸರೇ ಎಂದು ಹೇಳುವವರು ಕಡಿಮೆಯಿಲ್ಲ. ಸಮಾಧಾನದಿಂದ ಮಾತನಾಡುವ, ಏನು ಮಾಡಲಿದ್ದೇನೆಂದು ಮೊದಲೇ ತಿಳಿಸುವ, ನೋವಾದರೆ ನಿಲ್ಲಿಸುವ ಪುರುಷ ವೈದ್ಯರೇ ಮೇಲೆಂದು ಬಗೆಯುವ ಹೆಂಗಸರೂ ಇದ್ದಾರೆ. ಗಂಡಾದರೇನು ಹೆಣ್ಣಾದರೇನು, ಗುಣವಾದರೆ ಸಾಕು ಎನ್ನುವವರಂತೂ ಬಹಳ. ಆದುದರಿಂದ ‘ಹೆಣ್ಣನ್ನು ಹೆಣ್ಣೇ ನೋಡಬೇಕು’ ಎಂಬ ಕಟ್ಟಳೆಯನ್ನು ನಾವು ಮಾಡಹೊರಟರೆ ಅದು ಕೂಡ ಆ ಮೂವರು ಗಂಡಂದಿರ ಮಾತೇ ಆಗುತ್ತದೆ. ‘ವೈದ್ಯರೆಂದರೆ ವೈದ್ಯರು, ನಾಚಿಕೆ ಯಾಕೆ’ ಎಂದು ಗದರಿಸುವುದೂ ಅಷ್ಟೆ. ಎರಡರಲ್ಲೂ ಆಕೆಯನ್ನು ಯಾರೂ ಕೇಳಿಲ್ಲ.

ತುರ್ತು ಸಂದರ್ಭದ ಮಾತಂತೂ ಸ್ಪಷ್ಟ. ರಕ್ತ ಹರಿಯುತ್ತಿರುವಾಗ, ಮಗು ಅಡ್ಡಲಾಗಿರುವಾಗ, ಕೈಗೆ ಸಿಕ್ಕ ಸಮರ್ಥ ವೈದ್ಯರೇ ದೇವರು ಕಳುಹಿಸಿದವರು. ಆ ಗಳಿಗೆಯಲ್ಲಿ ಬಾಗಿಲಲ್ಲಿ ನಿಂತು ‘ಬೇಡ’ ಎನ್ನುವ ಹಕ್ಕು ಗಂಡನಿಗಾಗಲಿ, ಅತ್ತೆಗಾಗಲಿ, ಊರ ಹಿರಿಯರಿಗಾಗಲಿ ಇಲ್ಲ. ಆಕೆಯ ಅಪೇಕ್ಷೆಯನ್ನು ಕೇಳಿ ತಿಳಿಯಬೇಕಾದದ್ದು ಬೇನೆ ಆರಂಭವಾದ ಮೇಲಲ್ಲ, ಒಂಬತ್ತು ತುಂಬುವುದಕ್ಕೆ ಮುನ್ನ, ಮನೆಯಲ್ಲಿ ಸಮಾಧಾನವಾಗಿ ಕುಳಿತಿರುವಾಗ.

ಶುಭಸಂದೇಶದ ಕಡೆ ತಿರುಗಿದರೆ ಸಂತ ಮಾರ್ಕರ ಐದನೆಯ ಅಧ್ಯಾಯದಲ್ಲಿ ಈ ವಿಷಯಕ್ಕೆ ಅತ್ಯಂತ ಹತ್ತಿರವಾದ ಘಟನೆಯಿದೆ. ಹನ್ನೆರಡು ವರ್ಷಗಳಿಂದ ರಕ್ತಸ್ರಾವದಿಂದ ಬಳಲಿದ ಸ್ತ್ರೀ. ಎಷ್ಟೋ ವೈದ್ಯರ ಕೈಗೆ ಸಿಕ್ಕು ಇದ್ದದ್ದನ್ನೆಲ್ಲ ಕಳೆದುಕೊಂಡವಳು, ಧರ್ಮಶಾಸ್ತ್ರದ ಪ್ರಕಾರ ಮೈಲಿಗೆಯವಳು. ಹೇಳಿಕೊಳ್ಳಲಾಗದ ರೋಗವಾದ್ದರಿಂದ ಜನಜಂಗುಳಿಯ ಮರೆಯಲ್ಲಿ ಹಿಂದಿನಿಂದ ಬಂದು ಪ್ರಭುವಿನ ಉಡುಪನ್ನು ಮುಟ್ಟುತ್ತಾಳೆ. ಗುಣವೂ ಆಗುತ್ತದೆ. ಪ್ರಭು ಅಲ್ಲಿಗೇ ಬಿಟ್ಟು ಮುಂದೆ ಹೋಗಬಹುದಿತ್ತು. ಅವರು ನಿಂತು, ತಮ್ಮನ್ನು ಮುಟ್ಟಿದವರಾರೆಂದು ಕೇಳುತ್ತಾರೆ. ಇದು ಆಕೆಯ ಗುಟ್ಟನ್ನು ಬಯಲಿಗೆಳೆದಂತಾಯಿತಲ್ಲವೇ ಎಂದು ಕೆಲವರಿಗೆ ತೋರಬಹುದು. ಆದರೆ ಪ್ರಭು ಆಕೆಯ ರೋಗವನ್ನು ತಾವಾಗಿ ಸಾರಲಿಲ್ಲ. ಹೇಳುವ ಅವಕಾಶವನ್ನು ಆಕೆಗೇ ಕೊಟ್ಟರು. ಆಕೆ ನಡುಗುತ್ತಲೇ ಮುಂದೆ ಬಂದು ನಡೆದುದನ್ನೆಲ್ಲ ತನ್ನ ಬಾಯಿಂದಲೇ ಹೇಳಿದಳು. ಕೇಳಿದ ಪ್ರಭು ಆಕೆಯನ್ನು ಮಗಳೆಂದು ಕರೆದರು. ಹನ್ನೆರಡು ವರ್ಷಗಳಲ್ಲಿ ಆಕೆಯ ಮಾತನ್ನು ಹೀಗೆ ಪೂರ್ತಿಯಾಗಿ ಆಲಿಸಿದವರು ಬೇರೆ ಯಾರಿದ್ದರೋ ಕಾಣೆವು.

ಅದೇ ಅಧ್ಯಾಯದಲ್ಲಿ ಯಾಯೀರನೆಂಬ ತಂದೆಯೊಬ್ಬನಿದ್ದಾನೆ. ಪ್ರಾರ್ಥನಾಮಂದಿರದ ಅಧಿಕಾರಿ, ಮಾನವಂತ. ಸಾಯುತ್ತಿರುವ ಮಗಳಿಗಾಗಿ ಯಾವ ಶರತ್ತನ್ನೂ ಹಾಕದೆ ಪ್ರಭುವಿನ ಪಾದಕ್ಕೆ ಬಿದ್ದ. ಅವನ ಮನೆಗೆ ಹೋದಾಗ ಪ್ರಭು ನೆರೆದ ಜನರನ್ನೆಲ್ಲ ಹೊರಗೆ ಕಳುಹಿಸಿದರು. ಹುಡುಗಿಯ ತಂದೆತಾಯಿಯರನ್ನೂ ತಮ್ಮ ಜೊತೆಗಿದ್ದ ಶಿಷ್ಯರನ್ನೂ ಮಾತ್ರ ಕರೆದುಕೊಂಡು ಆಕೆ ಮಲಗಿದ್ದಲ್ಲಿಗೆ ಹೋದರು. ಕೋಣೆಯಲ್ಲಿ ಗುಂಪಿರಲಿಲ್ಲ, ಮಗಳ ಪಕ್ಕದಲ್ಲಿ ತಾಯಿಯಿದ್ದಳು. ಒಬ್ಬಳು ತಾನೇ ಮಾತನಾಡಿದಳು, ಇನ್ನೊಬ್ಬಳಿಗಾಗಿ ತಂದೆ ಮಾತನಾಡಿದ. ತಿಂಡಿವನದ ಗಂಡಂದಿರೂ ಹೆಂಡತಿಯರಿಗಾಗಿ ರಾತ್ರಿಯಲ್ಲಿ ಓಡಿಬಂದವರೇ. ಅವರಲ್ಲೂ ಪ್ರೀತಿಯಿತ್ತು. ಯಾಯೀರನಲ್ಲಿ ಆ ಪ್ರೀತಿ ಮಾನದ ಭಾರಕ್ಕೆ ಬಗ್ಗಲಿಲ್ಲ ಎಂಬುದೇ ವ್ಯತ್ಯಾಸ.

ಐಡಾ ಸ್ಕಡರ್ ಅವರ ಕಥೆಯನ್ನು ನಾವು ಮುಂದೆಯೂ ಹೇಳಬೇಕು. ಆದರೆ ಅಜ್ಞಾನದ ವಿರುದ್ಧ ವಿದ್ಯೆಯ ಗೆಲುವು ಎಂದು ಹೇಳಿ ಮುಗಿಸದೆ, ಬಾಗಿಲಾಚೆಗಿನ ಆ ಮೂವರನ್ನೂ ಮಕ್ಕಳಿಗೆ ತೋರಿಸಬೇಕು. ‘ಅವರನ್ನು ಕೇಳಿದವರಾರು?’ ಎಂಬ ಪ್ರಶ್ನೆಯನ್ನು ತರಗತಿಯಲ್ಲಿ ಎತ್ತಿದರೆ ಗಂಡುಮಕ್ಕಳೂ ಹೆಣ್ಣುಮಕ್ಕಳೂ ಅದಕ್ಕೆ ತಕ್ಕ ಉತ್ತರವನ್ನು ತಾವೇ ಕಂಡುಕೊಳ್ಳುತ್ತಾರೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ನಮ್ಮ ಧರ್ಮಕೇಂದ್ರಗಳ ಮಹಿಳಾ ಸಂಘಗಳು ವರ್ಷಕ್ಕೊಮ್ಮೆ ಮೂವತ್ತು ದಾಟಿದ ಸೋದರಿಯರನ್ನು ಜೊತೆಗೂಡಿಸಿ ತಪಾಸಣೆಗೆ ಕರೆದೊಯ್ಯಬಹುದು. ಹೋಗುವ ಮುನ್ನ ಅಲ್ಲಿ ಪರೀಕ್ಷೆ ಮಾಡುವವರು ಯಾರು, ಪರದೆಯುಂಟೇ, ಜೊತೆಗೆ ಒಬ್ಬರನ್ನು ಒಳಗೆ ಬಿಡುವರೇ ಎಂದು ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿಟ್ಟುಕೊಳ್ಳಬಹುದು. ಇತರ ಧರ್ಮದ ನೆರೆಹೊರೆಯವರನ್ನೂ ಕರೆಯಬಹುದು. ತಿಂಡಿವನದಲ್ಲಿ ಸತ್ತ ಮೂವರೂ ಕ್ರೈಸ್ತರಲ್ಲ ಎಂಬುದು ನಮ್ಮ ನೆನಪಿನಲ್ಲಿರಲಿ.

ಮನೆಯ ಗಂಡಸರಿಗೆ ಒಂದು ವಿನಂತಿ. ಈ ವಾರ ಹೆಂಡತಿಯನ್ನೋ, ತಾಯಿಯನ್ನೋ, ಮದುವೆಯಾಗಿ ಹೋದ ಮಗಳನ್ನೋ ಕೇಳಿರಿ: ‘ಮೈಗೆ ಹುಷಾರಿದೆಯೇ? ಹೇಳಿಕೊಳ್ಳಲಾಗದ್ದು ಏನಾದರೂ ಇದೆಯೇ? ಯಾರಿಗೆ ತೋರಿಸಿದರೆ ನಿನಗೆ ಸಮಾಧಾನ?’ ಮೊದಲ ಸಲ ಕೇಳಿದಾಗ ‘ಏನಿಲ್ಲ ಬಿಡಿ’ ಎಂಬ ಉತ್ತರವೇ ಬಂದೀತು. ಎರಡನೆಯ ಸಲವೂ ಕೇಳಿರಿ.